ಸಾಲ್ಯಾಗ ರಾಜಕೀಯ ಬ್ಯಾಡ್ರಿ!

ಕಳೆದ ಮಂಗಳವಾರ ರೋಣ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಪಡಸಾಲೆಯಲ್ಲಿ ಮೂರು ತಾಸು ಕೂತೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಪಾಪ ಹೆಡ್ ಮೇಡಂಗೆ ನೋಟಿಸ್ ಬರುತ್ತದೆ, ಮಿಕ್ಕವರ ಕೂದಲೂ ಕೊಂಕುವುದಿಲ್ಲ. ನನ್ನ ತಂಗಿಯ ಮೊಮ್ಮಗಳು ಅಲ್ಲಿ ನಾಲ್ಕನೇ ಇಯತ್ತೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೊಸದಾಗಿ ರಚಿಸುವ ಸಭೆ ಇದೆ, ನೀವೂ ಬರ್ರಿ ಅಂದಿದ್ದರು. ವೋಟಿಲ್ಲದ ನಾನು ಸುಮ್ಮನೆ ನೋಡಲು ಹೋದೆ.

ಸಭೆ ಹನ್ನೊಂದಕ್ಕೆ. ಶುರುವಾದದ್ದು ಹನ್ನೆರಡೂವರೆಗೆ, ಯಾಕೆಂದರೆ ಒಬ್ಬರು ಬರಬೇಕಿತ್ತು. ಬಂದರು. ಹೆಡ್ ಮೇಡಂ ಎದ್ದು ಕುರ್ಚಿ ಬಿಟ್ಟರು, ಅವರು ಕೂತರು. ಆ ಶಾಲೆಯಲ್ಲಿ ಅವರ ಮನೆಯ ಒಂದು ಮಗುವೂ ಇಲ್ಲ. ಮೊಮ್ಮಕ್ಕಳಿಬ್ಬರೂ ಹಳದಿ ವ್ಯಾನ್ ಹತ್ತಿ ಗಜೇಂದ್ರಗಡದ ಇಂಗ್ಲಿಷ್ ಮೀಡಿಯಂಗೆ ಹೋಗುತ್ತವೆ. ಮೇಜಿನ ಮೇಲೆ ನಡಾವಳಿ ಪುಸ್ತಕ ತೆರೆದೇ ಇತ್ತು. ಕತ್ತು ಚಾಚಿ ಓದಿದೆ. ‘ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ಅಧ್ಯಕ್ಷರನ್ನಾಗಿ ಶ್ರೀ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಹೆಸರಿಗಷ್ಟೇ ಜಾಗ ಬಿಟ್ಟಿದ್ದರು. ಚರ್ಚೆ ಇನ್ನೂ ಆಗಬೇಕಿತ್ತು, ಸುದೀರ್ಘವಾಗಿತ್ತು ಎಂಬುದು ಮಾತ್ರ ಆಗಲೇ ದಾಖಲಾಗಿತ್ತು.

ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು. ಕಡಲಿ ಕೀಳುವ ಕೂಲಿ ಅರ್ಧ ದಿನ ಬಿಟ್ಟು ಬಂದಾಕೆ, ಕೈಗೆ ಇನ್ನೂ ಹುಳಿಯ ಕಪ್ಪು ಹತ್ತಿತ್ತು. ಎದ್ದು ನಿಂತು ಕೇಳಿದಳು: “ಹುಡುಗ್ಯಾರ ಸಂಡಾಸಕ್ಕ ಕೀಲಿ ಹಾಕೇರಿ, ಯಾಕ್ರಿ?” ಮಗಳು ಐದನೇ ಇಯತ್ತೆಯಂತೆ, ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಮನೆಗೆ ಓಡಿ ಬರುತ್ತಾಳಂತೆ, ಊಟಕ್ಕಲ್ಲ.

ಕುರ್ಚಿಯಿಂದ ಉತ್ತರ ಬಂತು. “ಏ ಯವ್ವಾ, ಸಾಲ್ಯಾಗ ರಾಜಕೀಯ ಮಾಡಬ್ಯಾಡ.”

ಎಲ್ಲರೂ ತಲೆದೂಗಿದರು. ಆಕೆ ಕೂತಳು. ನನಗೆ ಮಾತ್ರ ಮೈ ಉರಿದುಹೋಯಿತು, ಇನ್ನೂ ಆರಿಲ್ಲ.

ಯಾವ ನೆಲದಲ್ಲಿ ನಿಂತು ಈ ಮಾತು ಹೇಳುತ್ತಿದ್ದೀರಿ ಸ್ವಾಮಿ? ಅಲ್ಲಿಂದ ನರಗುಂದ ಎಷ್ಟು ದೂರ? 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ಕಟ್ಟುವುದಿಲ್ಲ ಎಂದು ಬೀದಿಗಿಳಿದರು, ಗುಂಡು ಹಾರಿತು, ಹೆಣ ಬಿತ್ತು. ರಾಜ್ಯ ರೈತ ಸಂಘಕ್ಕೆ ಜೀವ ಬಂದದ್ದು ಆ ಕಿಚ್ಚಿನಿಂದ. ಗುಂಡೂರಾಯರ ಸರ್ಕಾರ 1983ರಲ್ಲಿ ಮಕಾಡೆ ಮಲಗಿದ್ದಕ್ಕೂ ಅದೇ ಮೊದಲ ಪೆಟ್ಟು. 2015ರಲ್ಲಿ ಕಳಸಾ ಬಂಡೂರಿ ನೀರಿಗೆಂದು ಅದೇ ನರಗುಂದದಲ್ಲಿ ಪೆಂಡಾಲು ಹಾಕಿ ಕೂತವರು ಮಳೆ, ಬಿಸಿಲು, ಮಂತ್ರಿಗಳ ಭರವಸೆ ಎಲ್ಲವನ್ನೂ ತಡೆದುಕೊಂಡು ಕೂತರು. ರೋಣದ ಕಡೆ ಬಂದರೆ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ. ಕರ್ನಾಟಕ ಒಂದಾಗಲಿ ಎಂದು ಮುಂಬಯಿ ಶಾಸನಸಭೆಯವರೆಗೆ ಜಗಳ ಒಯ್ದ ಮನುಷ್ಯ. ನೀರಿಗೆ ರಾಜಕೀಯ ಮಾಡಿದೆವು, ನಾಡಿಗೆ ಮಾಡಿದೆವು. ಸಂಡಾಸದ ಕೀಲಿ ಕೇಳಿದರೆ ಮಾತ್ರ ರಾಜಕೀಯ ಹೊಲಸಾಗಿಬಿಡುತ್ತದೆ!

ಈಗ ನನ್ನ ಹಳೇ ಹುಚ್ಚಿಗೆ ಬರುತ್ತೇನೆ. ಈ ಅಂಕಣ ಓದುವವರಿಗೆ ಗೊತ್ತು, ‘ಅವಿರೋಧ ಆಯ್ಕೆ’ ಎಂಬ ಸುದ್ದಿ ಕಂಡರೆ ನನಗೆ ಆಗುವುದಿಲ್ಲ. ಸೊಸೈಟಿ, ಹಾಲಿನ ಡೇರಿ, ಜಾತ್ರಾ ಕಮಿಟಿ, ಎಲ್ಲ ಕಡೆಯೂ ಅವಿರೋಧ. ಕೆಳಗೆ ಹಾರ ಹಾಕಿಕೊಂಡ ಫೋಟೊ, ‘ಗ್ರಾಮದ ಹಿರಿಯರ ಸಮ್ಮುಖದಲ್ಲಿ’ ಎಂಬ ಸಾಲು. 2020ರ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಕೆಲವು ಕಡೆ ಸ್ಥಾನಗಳನ್ನು ಹರಾಜು ಹಾಕಿ ಅವಿರೋಧ ಮಾಡಿದ್ದರು, ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಹರಾಜು ಹಾಕಿದವರು ಕೊನೇಪಕ್ಷ ಒಂದು ರೇಟಾದರೂ ಹೇಳಿದರು. ಶಾಲೆಯ ಸಮಿತಿಯನ್ನು ಪುಕ್ಕಟೆ ಕಬಳಿಸುತ್ತಾರೆ.

ಇದೇನು ಯಾರದೋ ಮನೆಯ ಔದಾರ್ಯದಿಂದ ಬಂದ ಸಮಿತಿಯಲ್ಲ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆ ಸಲಹೆ ಕೊಟ್ಟಿತು, ಎಸ್.ಎಂ. ಕೃಷ್ಣ ಸರ್ಕಾರ 2001ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. ಪಾಲಕರ ಪ್ರತಿನಿಧಿಗಳನ್ನು ಪಾಲಕರೇ ಆರಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ಇನ್ನಷ್ಟು ಬಿಗಿ ಮಾಡಿತು, ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧದಷ್ಟು ಹೆಂಗಸರು. ಮಂಗಳವಾರದ ಸಭೆಯಲ್ಲೂ ಹೆಂಗಸರು ಅರ್ಧದಷ್ಟಿದ್ದರು, ಪುಸ್ತಕದೊಳಗೆ. ಅವರ ಗಂಡಂದಿರು ಹೊರಗಿನ ಬೇವಿನ ಮರದ ಕೆಳಗೆ ನಿಂತು ಚಹಾ ಕುಡಿದು, ಸರದಿಯಂತೆ ಒಳಗೆ ಬಂದು ಹೆಂಡಂದಿರ ಹೆಸರಿನ ಮುಂದೆ ಸಹಿ ಹಾಕಿ ಹೋದರು. ಒಬ್ಬ ಪುಣ್ಯಾತ್ಮ ಹೆಂಡತಿಯ ಇನಿಷಿಯಲ್ ಏನೆಂದು ಪಕ್ಕದವನನ್ನು ಕೇಳಿದ.

ಶಾಲೆಯ ಸಮಿತಿಗಾಗಿ ಜಗಳ ಮಾಡಿ ಗೆದ್ದ ಊರೂ ಉಂಟು. ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ರಿಸ್ಟಲ್ ಸಿಟಿ ಎಂಬ ಸಣ್ಣ ಊರಿದೆ. ಪಾಲಕ್ ಸೊಪ್ಪು ಬೆಳೆಯುವ ಊರು. ಪಾಲಕ್ ತಿಂದು ರಟ್ಟೆ ಉಬ್ಬಿಸುವ ಕಾರ್ಟೂನಿನ ಪಾಪಾಯ್‌ಗೆ ಅಲ್ಲಿ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಸೊಪ್ಪು ಕೊಯ್ಯುವವರು ಮೆಕ್ಸಿಕೊ ಮೂಲದವರು, ಊರಿನಲ್ಲಿ ತಲೆ ಎಣಿಸಿದರೆ ಅವರೇ ಹೆಚ್ಚು. ಶಾಲಾ ಮಂಡಳಿಯ ಹಿಡಿತ ಮಾತ್ರ ಬಿಳಿಯರದು. ಮಕ್ಕಳು ಶಾಲೆಯಲ್ಲಿ ಮನೆಮಾತಾದ ಸ್ಪ್ಯಾನಿಷ್ ಆಡಿದರೆ ಶಿಕ್ಷೆ. ಕೊನೆಗೆ ಜಗಳ ಹತ್ತಿದ್ದು ಎಂಥ ವಿಷಯಕ್ಕೆ ಗೊತ್ತೇ? ಆಟದ ಮೈದಾನದಲ್ಲಿ ತಂಡವನ್ನು ಹುರಿದುಂಬಿಸುವ ಚಿಯರ್‌ಲೀಡರ್ ಹುಡುಗಿಯರ ಆಯ್ಕೆಗೆ. ಮೆಕ್ಸಿಕನ್ ಹುಡುಗಿಯರನ್ನು ದೂರ ಇಡುತ್ತಾರೆ ಎಂದು 1969ರ ಡಿಸೆಂಬರ್‌ನಲ್ಲಿ ಮಕ್ಕಳು ಕ್ಲಾಸು ಬಿಟ್ಟು ಹೊರಬಂದರು, ಹಿಂದೆಯೇ ಅಪ್ಪ ಅಮ್ಮಂದಿರೂ ಬಂದರು. 1970ರ ಏಪ್ರಿಲ್‌ನಲ್ಲಿ ಶಾಲಾ ಮಂಡಳಿಗೆ ಚುನಾವಣೆ. ಹೊಸೆ ಆಂಜೆಲ್ ಗುಟಿಯೆರೆಸ್ ಎಂಬ ಇಪ್ಪತ್ತೈದರ ಹುಡುಗ ಮತ್ತು ಅವನ ಗೆಳೆಯರು ಲಾ ರಾಸಾ ಉನಿಡಾ ಎಂದು ತಮ್ಮದೇ ಪಕ್ಷ ಕಟ್ಟಿ ನಿಂತು ಗೆದ್ದರು, ಹುಡುಗ ಮಂಡಳಿಯ ಅಧ್ಯಕ್ಷನಾದ. ಯಾವ ಮಾತಿಗೆ ಶಿಕ್ಷೆಯಾಗುತ್ತಿತ್ತೋ ಆ ಸ್ಪ್ಯಾನಿಷ್ಷಿನಲ್ಲೇ ಪಾಠ ಶುರುವಾಯಿತು. ಅಲ್ಲಿಯೂ ‘ಶಾಲೆಯಲ್ಲಿ ರಾಜಕೀಯ ಬೇಡ’ ಎನ್ನುವವರಿಗೆ ಕೊರತೆ ಇದ್ದಿರಲಾರದು. ಗೆದ್ದವರು ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ಅಮೆರಿಕದ ಮಾತು ಬಿಡ್ರಿ ಅನ್ನುತ್ತೀರಾ? ಬಿಟ್ಟೆ. ನಮ್ಮ ಮುಂಬಯಿ ಕರ್ನಾಟಕದಲ್ಲೇ ಸ್ಕೂಲ್ ಬೋರ್ಡ್ ಇತ್ತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟಿತ್ತು. ಲೋಕಲ್ ಬೋರ್ಡಿಗೆ ಗೆದ್ದವರು ಸ್ಕೂಲ್ ಬೋರ್ಡ್ ಆರಿಸುತ್ತಿದ್ದರು, ಮಾಸ್ತರರ ವರ್ಗಾವಣೆಗೂ ಅಲ್ಲಿ ಗುದ್ದಾಟ. ಬೋರ್ಡಿನ ಮೆಂಬರ್ ಬರುತ್ತಾನೆಂದರೆ ಶಾಲೆಗೆ ಸುಣ್ಣ ಬೀಳುತ್ತಿತ್ತೆಂದು ನನ್ನ ಸೋದರಮಾವ ಹೇಳುತ್ತಿದ್ದರು, ಅವರು ಅದೇ ಕಾಲದ ಮಾಸ್ತರ್. 1961ರ ಕಡ್ಡಾಯ ಶಿಕ್ಷಣ ಕಾಯ್ದೆಯ ನಂತರ ಎಲ್ಲವೂ ಬೆಂಗಳೂರಿನ ಪಾಲಾಯಿತು. ಬೋರ್ಡಿನಲ್ಲಿ ಜಾತಿ ಇತ್ತು, ಲಂಚವಿತ್ತು, ನಿಜ. ಜಗಳವೂ ಇತ್ತು. ಜಗಳ ಇದ್ದ ಕಡೆ ಯಾರಾದರೂ ಒಬ್ಬ ಲೆಕ್ಕ ಕೇಳುತ್ತಾನೆ.

ಹೋಗಲಿ, ಊರಿನವರ ಕೈಯಲ್ಲಿ ಏನೂ ಆಗುವುದಿಲ್ಲವೇ? ನರೇಗಲ್ಲಿಗೆ ಹೋಗಿ ನೋಡಿ. ಹಾಲಕೆರೆ ಅನ್ನದಾನೇಶ್ವರ ಮಠದ ಹೆಸರಿನಲ್ಲಿ ಹಳ್ಳಿಯ ಮಕ್ಕಳಿಗೆ ಕಾಲೇಜಿನ ತನಕ ದಾರಿಯಾಯಿತು. ಭಕ್ತರು ಮಠಕ್ಕೆ ಕೊಡುವಾಗ ಕೈ ಬಿಗಿಹಿಡಿಯುವುದಿಲ್ಲ. ಅದೇ ಭಕ್ತ ಸರ್ಕಾರಿ ಶಾಲೆಯ ಸಭೆಗೆ ಬಂದರೆ ಬೇವಿನ ಮರದ ಕೆಳಗೇ ನಿಲ್ಲುತ್ತಾನೆ. ಮಠ ನಮ್ಮದು, ಶಾಲೆ ಸರ್ಕಾರದ್ದು!

ಇದರ ನಡುವೆ ಮ್ಯಾಗ್ನೆಟ್ ಶಾಲೆಯ ಗಲಾಟೆ. ಪತ್ರಿಕೆಯಲ್ಲಿ ಓದಿದ್ದೀರಿ. ಸಣ್ಣ ಶಾಲೆಗಳನ್ನು ದೊಡ್ಡ ಕರ್ನಾಟಕ ಪಬ್ಲಿಕ್ ಶಾಲೆಯೊಳಗೆ ಸೇರಿಸುತ್ತಾರೆ, ಮುಚ್ಚುತ್ತಾರೆ ಎಂದು ವಿದ್ಯಾರ್ಥಿ ಸಂಘಟನೆಗಳು, ಮುಚ್ಚುವುದಿಲ್ಲ ಎಂದು ಮಂತ್ರಿಗಳು. ಬಸ್ಸು, ಸ್ಮಾರ್ಟ್ ಬೋರ್ಡುಗಳ ಲೆಕ್ಕ ಎಲ್ಲರೂ ಹೇಳುತ್ತಾರೆ. ಒಂದು ಕುರ್ಚಿಯ ಲೆಕ್ಕ ಯಾರೂ ಹೇಳುವುದಿಲ್ಲ. ಪ್ರಾಥಮಿಕ ಶಾಲೆಯ ಸಮಿತಿಗೆ ಪಾಲಕ ಅಧ್ಯಕ್ಷ. ಕರ್ನಾಟಕ ಪಬ್ಲಿಕ್ ಶಾಲೆಯ ಸಮಿತಿಗೆ ಶಾಸಕರೇ ಅಧ್ಯಕ್ಷರು, ಅವರು ಬೆರಳು ತೋರಿಸಿದವರು ಕಾರ್ಯಾಧ್ಯಕ್ಷ. ಆಗ ಶಾಲೆಯಲ್ಲಿ ರಾಜಕೀಯ ಬೇಡ ಎಂದು ಯಾರೂ ಅನ್ನುವುದಿಲ್ಲ.

ಸಭೆ ಮುಗಿಯಿತು, ಪೇಢೆ ಹಂಚಿದರು. ಹೊಸ ಅಧ್ಯಕ್ಷರಿಗೆ ಹಾರ, ಫೋಟೊ. ಕಡಲಿ ಕೀಳುವಾಕೆ ಪೇಢೆ ಸೆರಗಿನಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋದಳು, ಅವಳ ಪ್ರಶ್ನೆ ನಡಾವಳಿಯಲ್ಲಿ ಬರಲಿಲ್ಲ. ನಾನು ಶಾಲೆಯ ಹಿಂದಕ್ಕೆ ನಡೆದು ನೋಡಿದೆ. ಹಸಿರು ಬಾಗಿಲು, ತುಕ್ಕು ಹಿಡಿಯದ ಹೊಸ ಬೀಗ. ಅಡುಗೆಯವರನ್ನು ಕೇಳಿದರೆ ನಕ್ಕರು. ಕೀಲಿ ಹೊಸ ಅಧ್ಯಕ್ಷರ ಮನೆಯಲ್ಲೇ ಇದೆಯಂತೆ, ಹುಡುಗರು ಹೊಲಸು ಮಾಡುತ್ತಾರೆಂದು. ಒಳಗೆ ಅವರದೇ ಹದಿನಾಲ್ಕು ಚೀಲ ಗೊಬ್ಬರ.