ನಾಟಿಕೋಳಿಯ ಕಾಲಿಗೆ ಹಳದಿ ಬಂದದ್ದೆಲ್ಲಿಂದ?

ಬಂಡೀಪುರ, ನಾಗರಹೊಳೆ ಕಾಡಿನಂಚಿನ ಹಳ್ಳಿಗಳಲ್ಲಿ ಬೆಳಗಿನ ಜಾವ ಎರಡು ಬಗೆಯ ಕೋಳಿಕೂಗು ಕೇಳುತ್ತದೆ. ಹಟ್ಟಿಯ ಹುಂಜದ ‘ಕೊಕ್ಕೊಕ್ಕೋ’ ಎಲ್ಲರಿಗೂ ಗೊತ್ತು. ಕಾಡಿನೊಳಗಿಂದ ಬರುವುದು ಗಡಸಾದ, ತುಂಡು ತುಂಡಾದ ‘ಕುಕ್-ಕಾಯಕ್-ಕುಕ್’. ಅದು ಬೂದು ಕಾಡುಕೋಳಿ. ಹಾಗಾದರೆ ಹಟ್ಟಿಯ ಕೋಳಿ ಇದೇ ಕಾಡುಕೋಳಿಯ ಸಂತತಿಯೇ?

ಭಾರತದಲ್ಲಿ ಕಾಡುಕೋಳಿಗಳು ಎರಡು ಜಾತಿ. ಸ್ಥೂಲವಾಗಿ ಹೇಳುವುದಾದರೆ ಗೋದಾವರಿಯ ದಕ್ಷಿಣಕ್ಕೆ ಬೂದು ಕೋಳಿಯ ರಾಜ್ಯ. ಹಿಮಾಲಯದ ತಪ್ಪಲು, ಈಶಾನ್ಯ ಹಾಗೂ ಒಡಿಶಾ ಕಡೆಯ ಕಾಡುಗಳಲ್ಲಿ ಕೆಂಪು ಕೋಳಿಯದು. ಕೆಂಪು ಹುಂಜಕ್ಕೆ ಕತ್ತಿನ ತುಂಬ ಹೊಂಬಣ್ಣದ ಗರಿ. ಅದರ ಕೂಗೂ ನಾಟಿ ಹುಂಜದ್ದರಂತೆಯೇ. ಕೊನೆ ಮಾತ್ರ ಥಟ್ಟನೆ ನಿಲ್ಲುತ್ತದೆ. ಬೂದು ಹುಂಜದ ಕತ್ತಿನ ಕಪ್ಪು ಗರಿಗಳ ಮೇಲೆ ಮೇಣದ ಹನಿ ಬಿದ್ದಂತೆ ಬಿಳಿ, ಹಳದಿ ಚುಕ್ಕೆಗಳು. ಹೇಂಟೆಗಳನ್ನು ಎದೆ ನೋಡಿ ಗುರುತಿಸಬೇಕು: ಕೆಂಪು ಹೇಂಟೆಯ ಎದೆ ಬರಿಯ ಕಂದು, ಬೂದು ಹೇಂಟೆಯದು ಕಂದು ಅಂಚಿನ ಬಿಳಿ ಗರಿಗಳದು. ಎರಡೂ ನೆಲ ಕೆದಕಿ ಕಾಳು, ಗೆದ್ದಲು, ಬಿದಿರಕ್ಕಿ ತಿನ್ನುತ್ತವೆ, ರಾತ್ರಿ ಮರವೇರುತ್ತವೆ.

ಮನೆಕೋಳಿಯ ಮೂಲ ಕೆಂಪು ಕಾಡುಕೋಳಿಯೊಂದೇ ಎಂದು ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಬರೆದರು. ಬಹುಮಟ್ಟಿಗೆ ಅದು ನಿಜ. ಆದರೆ ಕೆಂಪು ಹುಂಜದ ಕಾಲು ಬೂದುಗಪ್ಪು; ಎಷ್ಟೋ ಮನೆಕೋಳಿಗಳ ಕಾಲು ಹಳದಿ. ಇದರ ಗುಟ್ಟು ತಿಳಿದದ್ದು 2008ರಲ್ಲಿ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಅವರ ಸಂಗಡಿಗರೂ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಹಳದಿ ಚರ್ಮದ ಗುಣ ಬಂದದ್ದು ಬೂದು ಕೋಳಿಯಿಂದ ಎಂದು ಗೊತ್ತಾಯಿತು. ಮೇವಿನಲ್ಲಿರುವ ಹಳದಿ ವರ್ಣದ್ರವ್ಯವನ್ನು ಚರ್ಮದಲ್ಲಿ ಒಡೆಯುವ ಕಿಣ್ವ ಈ ಗುಣವಿರುವ ಕೋಳಿಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಣ್ಣ ಅಲ್ಲೇ ಉಳಿಯುತ್ತದೆ. ಎಂದರೆ, ಲೋಕದ ಬೇರೆ ಬೇರೆ ದೇಶಗಳ ಹಳದಿ ಕಾಲಿನ ಕೋಳಿಗಳಲ್ಲಿ ದಕ್ಷಿಣ ಭಾರತದ ಕಾಡಿನ ಪಾಲೂ ಇದೆ.

ಈ ಎರಡು ಹಕ್ಕಿಗಳಿಗೂ ಮನುಷ್ಯನಿಂದ ಕುತ್ತು ಬಂದಿದೆ, ಆದರೆ ಬೇರೆ ಬೇರೆ ದಾರಿಯಲ್ಲಿ. ಬೂದು ಹುಂಜಕ್ಕೆ ಅದರ ಗರಿಯೇ ಶತ್ರುವಾಯಿತು. ಗಾಳದ ಕೊಕ್ಕೆಗೆ ಹುಳದಂತೆ ಕಟ್ಟಲು ಬ್ರಿಟನ್ನಿನ ಮೀನು ಹಿಡಿಯುವ ಹವ್ಯಾಸಿಗಳು ಚುಕ್ಕೆ ಗರಿಯನ್ನು ಬಯಸಿದರು. ಅದಕ್ಕಾಗಿ ಇಲ್ಲಿ ಹಕ್ಕಿಗಳು ಸತ್ತವು. ಕೆಂಪು ಕೋಳಿಗಾದರೋ ನೆಂಟಸ್ತಿಕೆಯೇ ಅಪಾಯ. ಹಳ್ಳಿಯ ಹುಂಜ ಕಾಡಿನ ಹೇಂಟೆಯೊಡನೆ ಕೂಡಿದರೆ ಮರಿಗಳಲ್ಲಿ ನಾಡಿನ ರಕ್ತ ಸೇರುತ್ತದೆ. ಶುದ್ಧ ಕೆಂಪು ಹುಂಜ ಮರಿ ಮಾಡುವ ಕಾಲ ಮುಗಿದ ಮೇಲೆ ಕತ್ತಿನ ಹೊಂಬಣ್ಣದ ಗರಿ ಉದುರಿಸಿ, ಕೆಲವು ತಿಂಗಳು ಕಪ್ಪು ಗರಿ ತೊಡುತ್ತದೆ. ಸಾಕುಹುಂಜಕ್ಕೆ ಆ ರೂಢಿಯಿಲ್ಲ. ಬೆರಕೆಯಾದ ಕಾಡುಹುಂಜಗಳಲ್ಲೂ ಅದು ಅಳಿಸಿಹೋಗುತ್ತದೆ.

ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯಬಲ್ಲದು. ಬೆರಕೆಯನ್ನು ತಡೆಯಲು ಯಾವ ಕಾಯ್ದೆಯಿಂದಲೂ ಆಗದು. ಕಾಡಿನಂಚಿನ ಮನೆಗಳು ಕೋಳಿಗಳನ್ನು ಕಾಡಿಗೆ ಬಿಡದೆ ಹಟ್ಟಿಯ ಸುತ್ತಲೇ ಮೇಯಿಸಿದರೆ ಅದೇ ದೊಡ್ಡ ಉಪಕಾರ. ರೈತ ಬಿತ್ತನೆಯ ಕಾಳನ್ನು ಬೇರೆಯಾಗಿ ಎತ್ತಿಡುವುದಿಲ್ಲವೇ? ಕಾಡುಕೋಳಿಯೂ ಮನೆಕೋಳಿಯ ಬಿತ್ತನೆಯ ಕಾಳೇ. ಮುಂದಿನ ಸಲ ಅಜ್ಜಿಯ ಊರಿಗೆ ಹೋದಾಗ ಅಂಗಳದ ಕೋಳಿಗಳ ಕಾಲನ್ನು ಮಕ್ಕಳು ಒಮ್ಮೆ ಬಗ್ಗಿ ನೋಡಲಿ.