ಅಜ್ಜನಿಗೆ ಚಕ್ಕುಲಿ, ಮೊಮ್ಮಗಳಿಗೆ ಪೇಪರ್ ಲೋಟ

ಇವತ್ತ್ ಅಡಿಗಿ ವಿಷ್ಯ ಅಲ್ಲ, ಒಂದ್ ಲೋಟದ ವಿಷ್ಯ ಹೇಳ್ತೆ.

ನಾನ್ ಮದಿ ಆಯಿ ಈ ಮನಿಗೆ ಬಪ್ಪತಿಗೆ ಕೊಟ್ಟಿಗಿ ಗೋಡಿ ಮೇಲೆ ಒಂದ್ ಅಲ್ಯೂಮಿನಿಯಂ ಲೋಟ ಕವುಚಿ ಇಟ್ಟದ್ ಇದ್ದಿತ್. ಅಂಚೆಲ್ಲ ಜಜ್ಜಿ ಹೋದ ಲೋಟ. ಅದ್ ಯಾರಿಗೆ ಅಂದೇಳಿ ಯಾರೂ ನಂಗೆ ಹೇಳ್ಲಿಲ್ಲ, ನಾನೂ ಕೇಣ್ಲಿಲ್ಲ. ಬುಟ್ಟಿ ಮಾರುಕೆ ಬಪ್ಪು ಕೊರಗರ ಹೆಂಗ್ಸ್ ಅಂಗಳದ ಕೊನೆಗೆ ನಿಂತ್ಕಂಡ್ "ಅಮ್ಮಾ" ಅಂದ್ ಕರೆದ್ರೆ, ಅತ್ತೆ ಚಾ ಕೊಡುಕೆ ಹೇಳ್ತಿದ್ರ್. ಅವ್ರ್ ಗೋಡಿ ಮೇಲಿನ ಲೋಟ ತಕಂಡ್ ನೆಲದ ಮೇಲೆ ಇಡುದ್, ನಾನ್ ಮೇಲಿಂದ ಹೊಯ್ವುದ್. ಕುಡ್ದ್ ಆದ್ಮೇಲೆ ಅವ್ರೇ ತೊಳ್ದ್ ಮತ್ತೆ ಅಲ್ಲೇ ಕವುಚಿ ಇಡುದ್. ಅವ್ರ್ ನನ್ನಮ್ಮನ ಪ್ರಾಯದವ್ರ್. ಆದ್ರೂ ಅವ್ರ್ ನಂಗೆ "ಅಮ್ಮ" ಅಂತಿದ್ರ್, ನಾನ್ ಅವ್ರಿಗೆ "ಏ ಹೆಣ್ಣೇ" ಅಂತಿದ್ದೆ. ಈಗ ಬರೂಕೆ ಕೂಕಂಡಾಗ ಇದೆಲ್ಲ ನಾಚ್ಕಿ ಆತ್ತ್. ಆಗ ಆಯಿಲ್ಲ.

ಒಂದ್ ವಿಚಿತ್ರ ಕಾಣಿ. ಅವ್ರ್ ಬಳ್ಳಿ ತಂದ್ ನೇಯ್ದ ಬುಟ್ಟಿ ನಮ್ಮ ಅಡಿಗಿ ಕೋಣಿ ಒಳ್ಗೆ ಬತ್ತಿದ್ದಿತ್. ಅದ್ರಗೆ ಅಕ್ಕಿ ತೊಳಿತಿದ್ದೊ, ತರ್ಕಾರಿ ಇಡ್ತಿದ್ದೊ. ಅವ್ರ್ ಕೈಯಗೆ ಹುಟ್ಟಿದ ಬುಟ್ಟಿಗೆ ಮೈಲ್ಗಿ ಇಲ್ಲ, ಆ ಕೈ ಹಿಡ್ದ ಲೋಟಕ್ಕೆ ಮಾತ್ರ ಇತ್ತ್! ಇದ್ ಯಾವ ಶಾಸ್ತ್ರದ ಲೆಕ್ಕ ಅಂದೇಳಿ ನಂಗೆ ಇವತ್ತಿಗೂ ತಿಳೀಲಿಲ್ಲ.

ಅಜಲು ಅಂದೇಳಿ ಒಂದ್ ಪದ್ಧತಿ ಇದ್ದದ್ ಈಗಿನ ಮಕ್ಕಳಿಗೆ ಗೊತ್ತಿಪ್ಪುದ್ ಕಷ್ಟ. ಮನಿಯಗೆ ಕಾಯ್ಲಿ ಬಿದ್ದವ್ರ್ ಇದ್ರೆ, ಬಸ್ರಿ ಹೆಂಗ್ಸ್ ಇದ್ರೆ, ಅವ್ರ ಕೂದ್ಲ್, ಉಗ್ರ್ ಅನ್ನಕ್ಕೆ ಸೇರ್ಸಿ ಕೊರಗರಿಗೆ ತಿಂಬುಕೆ ಕೊಡುದ್. ಮನಿ ದೋಷ ಅವ್ರ ಹೊಟ್ಟಿಗೆ ಹೋಯ್ಲಿ ಅಂದೇಳಿ. ಕಂಬಳದ ಮುಂಚೆ ಅವ್ರನ್ನ ಕೋಣಗಳ ಹಾಂಗೆ ಗದ್ದಿಯಗೆ ಓಡ್ಸುದೂ ಇದ್ದಿತ್. 2000ದಲ್ಲಿ ಕರ್ನಾಟಕ ಸರ್ಕಾರ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ತಂತ್. ಕೂದ್ಲ್ ಉಗ್ರ್ ಬೆರ್ಸುದ್ ಮಾತ್ರ ಅಲ್ಲ, ಕೊರಗರಿಗೆ ಸಂಬ್ಳ ಕೊಡದೇ ದುಡ್ಸುದ್, ಬೇರೆಯವ್ರಿಗಿಂತ ಕಮ್ಮಿ ಕೊಡುದ್, ಅವ್ರನ್ನ ಕೀಳ್ ಮನುಷ್ಯರ ಹಾಂಗೆ ಕಾಂಬುದ್, ಎಲ್ಲವೂ ಆ ಕಾಯ್ದೆ ಪ್ರಕಾರ ಅಪರಾಧ.

ಆ ಅನ್ನ ಬೆರ್ಸಿದ ಕೈ ಯಾರ್ದ್ ಅಂದೇಳಿ ಒಂದ್ ಗಳ್ಗಿ ಯೋಚ್ನಿ ಮಾಡಿ. ಅಡಿಗಿ ಕೋಣಿ ಯಾರ ವಶ ಇದ್ದಿತ್? ಗಂಡಸ್ರ್ ಜಾತಿ ಮಾಡ್ರ್, ರಾಜಕೀಯದವ್ರ್ ಜಾತಿ ಬೆಳ್ಸ್ರ್ ಅಂದೇಳಿ ನಾವ್ ಹೇಳ್ತೊ. ಅದ್ ಸುಳ್ಳಲ್ಲ. ಆದ್ರೆ ಲೋಟ ಬೇರೆ ಇಟ್ಟದ್ ನಾವ್, ಹೆಂಗ್ಸ್ರ್.

ಈಗ ನಮ್ಮ ಬದಿಯಗೂ ಕೊರಗಜ್ಜನ್ನ ನಂಬುವರ್ ಜಾಸ್ತಿ ಆಯಿರ್. ಕಾರಿನ ಹಿಂದೆ ಅಜ್ಜನ ಸ್ಟಿಕ್ಕರ್, ಮೊಬೈಲಿನಗೆ ಅಜ್ಜನ ಪದ. ಮಂಗಳೂರಿನ ಹತ್ರ ಕುತ್ತಾರಿಗೆ ಹೋಯಿ ಚಕ್ಕುಲಿ, ವೀಳ್ಯದೆಲಿ ಕೊಟ್ ಬಪ್ಪುವರ್ ಎಷ್ಟ್ ಜನ! ನಾನೂ ನಂಬ್ತೆ. ಕೆಮಿ ಬೆಂಡೋಲೆ ಕಳ್ದ್ ಹೋದಾಗ "ಅಜ್ಜಾ, ಒಂದ್ ದಾರಿ ತೋರ್ಸ್" ಅಂದೇಳಿ ಕೈಮುಗ್ದೆ. ಮೂರ್ ದಿನಕ್ಕೆ ಹಾಸ್ಗಿ ಸಂದಿಯಗೆ ಸಿಕ್ತ್. ಚಕ್ಕುಲಿ ಕೊಟ್ ಬಂದೆ.

ಅಜ್ಜನ ಕತಿ ನಿಮ್ಗೆಲ್ಲ ಗೊತ್ತಿತ್ತ್. ಕೊರಗ ತನಿಯ ಅಂದೇಳಿ ಒಬ್ಬ ಹುಡ್ಗ. ದೇವಸ್ಥಾನಕ್ಕೆ ಹರ್ಕಿ ಸಾಮಾನ್ ಹೊತ್ಕಂಡ್ ಹೋಪುಕೆ ಅವ ಬೇಕಿದ್ದಿತ್, ಒಳ್ಗೆ ಬಪ್ಪುಕೆ ಮಾತ್ರ ಬ್ಯಾಡ. ಹೊರ್ಗೆ ನಿಂತವ ಮಾದಳ ಹಣ್ಣಿಗೆ ಕೈ ಹಾಕಿ ಮಾಯ ಆದ, ದೈವ ಆದ. ಹೊರ್ಗೆ ನಿಲ್ಸಿದ್ದಕ್ಕೇ ಹುಟ್ಟಿದ ದೈವ ಅದ್. ಉಡುಪಿಯಗೂ ಹಾಂಗೆ ಅಲ್ದಾ? ಹೊರ್ಗೆ ನಿಂತ ಕನಕದಾಸರಿಗಾಗಿ ಕೃಷ್ಣ ತಿರ್ಗಿದ ಅಂದೇಳಿ ನಂಬಿ, ಕನಕನ ಕಿಂಡಿಯಗೆ ಕೃಷ್ಣನ್ನ ಕಾಂತೊ. ದೇವ್ರ್ ತಿರ್ಗಿದ. ನಾವ್ ತಿರ್ಗಲಿಲ್ಲ.

ಬೆಂಡೋಲೆ ಸಿಕ್ಕಿದ ಸಮಯದಗೇ ಆ ಅಮ್ಮ ಬುಟ್ಟಿ ತಕಂಡ್ ಬಂದ್ರ್. ಈಗ ಸೊಂಟ ಬಗ್ಗಿತ್. ಜೊತಿಗೆ ಕಾಲೇಜಿಗೆ ಹೋಪು ಮೊಮ್ಮಗಳ್. ನಾನ್ ಇಬ್ರನ್ನೂ ಜಗ್ಲಿ ಮೇಲೆ ಕೂರ್ಸ್ದೆ. ಮನಸ್ಸಿನಗೆ ಸಣ್ಣ ಹೆಮ್ಮಿ, ಕಾಣಿ ನಾನ್ ಎಷ್ಟ್ ಸುಧಾರ್ಸಿದ್ದೆ ಅಂದೇಳಿ. ಅವ್ರಿಗೆ ಪೇಪರ್ ಲೋಟದಗೆ ಚಾ ಕೊಟ್ಟೆ, ನಾನ್ ಸ್ಟೀಲ್ ಲೋಟದಗೆ ಕುಡ್ದ್ಕಂಡ್ ಮಾತಿಗೆ ಕೂಕಂಡೆ. ಹೆಣ್ಣ್ ನನ್ನ ಲೋಟ ಕಂಡಳ್, ತನ್ನ ಲೋಟ ಕಂಡಳ್. "ಅಮ್ಮ, ನೀವ್ ಪೇಪರ್ ಲೋಟದಗೆ ಕುಡಿತಿಲ್ಯಾ?" ಅಂದಳ್. ಸಿಟ್ಟಿಲ್ಲ, ಸುಮ್ನೆ ಕೇಂಡದ್. ಅಜ್ಜಿ "ಸುಮ್ಗಿರ್" ಅಂದೇಳಿ ಗದರ್ಸ್ರ್. ನಾನ್ "ತೊಳುಕೆ ಬೇಜಾರ್ ಅಂದೇಳಿ ತಂದದ್" ಅಂದೆ. ಆ ಬೇಜಾರ್ ನನ್ನ ಲೋಟಕ್ಕೆ ಯಾಕಿಲ್ಲ ಅಂದೇಳಿ ಅವ್ಳ್ ಕೇಣ್ಲಿಲ್ಲ. ಕೇಣು ಅಗತ್ಯವೂ ಇರ್ಲಿಲ್ಲ.

ಕೊಟ್ಟಿಗಿ ಗೋಡಿ ಬಿದ್ದ್ ವರ್ಷ ಎಷ್ಟೋ ಆಯ್ತ್. ಆ ಅಲ್ಯೂಮಿನಿಯಂ ಲೋಟ ಗುಜ್ರಿಗೆ ಹೋಯ್ತ್. ಅದ್ರ ಒಟ್ಟಿಗೆ ಮಡಿ ಮೈಲ್ಗಿಯೂ ಹೋಯ್ತ್ ಅಂದೇಳಿ ನಾನ್ ಎಣ್ಸಿದ್ದೆ. ಹೋಯ್ಲಿಲ್ಲ. ಪೇಪರ್ ಆಯ್ತ್ ಅಷ್ಟೇ. ಮೊದ್ಲ್ ಅವ್ರೇ ತೊಳ್ದ್ ಇಡ್ಕಿದ್ದಿತ್, ಈಗ ಬಿಸಾಡಿದ್ರೆ ಆಯ್ತ್. ಅದಕ್ಕೊಂದ್ ಚೆಂದದ ಹೆಸ್ರೂ ಇತ್ತ್, ಸ್ವಚ್ಛತೆ. ಸ್ವಚ್ಛತೆಯೇ ಆದ್ರೆ, ಮೈಯೆಲ್ಲ ಗ್ರೀಸ್ ಮಾಡ್ಕಂಡ್ ಪಂಪ್ ರಿಪೇರಿಗೆ ಬಪ್ಪುವನಿಗೆ ಸ್ಟೀಲ್ ಲೋಟದಗೆ ಯಾಕೆ ಕೊಡ್ತೊ?

ಒಂದ್ಸಲ ಟಿವಿಯಗೆ ಅಮೆರಿಕದ ಹಳಿ ಫೋಟೋ ತೋರ್ಸ್ರ್. ಅಕ್ಕಪಕ್ಕ ಎರಡ್ ಕುಡಿವ ನೀರಿನ ನಲ್ಲಿ, ಬಿಳಿಯರಿಗೆ ಒಂದ್, ಕಪ್ಪು ಜನರಿಗೆ ಒಂದ್. 1964ರ ಕಾಯ್ದೆ ಬಂದ್ಮೇಲೆ ಅಂತಾ ಬೋರ್ಡ್ ತೆಗಿಕಾಯ್ತ್. ಆದ್ರೆ ಅಲ್ಲಿನ ಕ್ರೈಸ್ತರ್ ಭಾನುವಾರ ಬೆಳಿಗ್ಗೆ ಪ್ರಾರ್ಥನಿಗೆ ಹೋಪು ಹೊತ್ತಿಗೇ ಎಲ್ಲಕ್ಕಿಂತ ಜಾಸ್ತಿ ಬೇರೆ ಬೇರೆ ಆತ್ರ್ ಅಂದೇಳಿ ಮಾರ್ಟಿನ್ ಲೂಥರ್ ಕಿಂಗ್ ಬೇಜಾರ್ ಮಾಡ್ಕಂಡಿದ್ರ್. ಅವ್ರೂ ಪಾದ್ರಿಯೇ. ಒಂದೇ ಏಸುವಿಗೆ ಕೈಮುಗಿವವ್ರ್, ಇಗರ್ಜಿ ಮಾತ್ರ ಬೇರೆ. ಆ ಫೋಟೋ ಕಂಡ್ "ಅಯ್ಯೋ ಪಾಪ, ಎಂತಾ ಜನ" ಅಂದವ್ಳ್ ನಾನೇ. ಅಲ್ಲಿ ಎರಡ್ ನಲ್ಲಿ, ಇಲ್ಲಿ ಎರಡ್ ಲೋಟ. ವ್ಯತ್ಯಾಸ ಎಂತ? ಅಲ್ಲಿ ಬೋರ್ಡ್ ಇದ್ದಿತ್, ನಮ್ಮಲ್ಲಿ ಬೋರ್ಡ್ ಬೇಕಾಯಿಲ್ಲ. ಎಲ್ಲರಿಗೂ ಗೊತ್ತಿತ್ತ್.

"ಈಗ ಯಾರ್ ಜಾತಿ ಕಾಂತ್ರ್?" ಅಂದೇಳಿ ನನ್ನ ಓರಗಿಯವ್ರೇ ಹೇಳ್ತ್ರ್. 2021ರ ಡಿಸೆಂಬರ್ ಕೊನೆಗೆ ಕೋಟತಟ್ಟಿನಗೆ ಕೊರಗರ ಮದಿ ಮನಿ ಮೆಹಂದಿ ದಿನ ಪೊಲೀಸ್ರ್ ಲಾಠಿ ಬೀಸಿದ್ ನೆನ್ಪಿತ್ತಾ? ಊರೆಲ್ಲ "ಛೇ" ಅಂತ್. ಎಸ್‌ಐ ಅಮಾನತ್ ಆದ್ರ್. ಲಾಠಿ ಎಲ್ಲರಿಗೂ ಕಾಂತ್ತ್, ಪೇಪರಿಗೂ ಬತ್ತ್. ಲೋಟ ಯಾವ ಪೇಪರಿಗೂ ಬತ್ತಿಲ್ಲ. ಮನಿಯಗೆ ಲೋಟ ಬೇರೆ ಇಟ್ಕಂಡ್ ಬೆಳ್ದ ಮಕ್ಕಳೇ ಮುಂದೆ ಪೊಲೀಸ್ ಆಪುದ್, ಮಾಷ್ಟ್ರ್ ಆಪುದ್, ಆಫೀಸರ್ ಆಪುದ್. ಅವ್ರಿಗೆ ಮೊದ್ಲ್ ಪಾಠ ಹೇಳದ್ ಯಾರ್ ಅಂದೇಳಿ ಬೇರೆ ಹೇಳ್ಕಾ?

ಮತ್ತೊಂದ್ಸಲ ಆ ಅಮ್ಮ ಬಂದಾಗ ನಮ್ಮದೇ ಸ್ಟೀಲ್ ಲೋಟದಗೆ ಚಾ ಕೊಟ್ಟೆ. "ತಕಣಿ" ಅಂದೆ. ಅವ್ರ್ ತಕಂಬುಕೆ ಹಿಂದೆ ಮುಂದೆ ಕಂಡ್ರ್. ಕುಡ್ದ್, ಬ್ಯಾಡ ಅಂದ್ರೂ ಕೇಣದೇ ನಲ್ಲಿ ಬುಡದಗೆ ತೊಳ್ದ್ ಜಗ್ಲಿ ತುದಿಗೆ ಕವುಚಿ ಇಟ್ರ್. ಅಷ್ಟ್ ವರ್ಷದ ಅಭ್ಯಾಸ, ಒಂದ್ ಲೋಟ ಚಾಕ್ಕೆ ಹೋಪುದಲ್ಲ. ಅವ್ರ್ ಹೋದ್ಮೇಲೆ ಆ ಲೋಟ ಒಳ್ಗೆ ತಪ್ಪತಿಗೆ, ಸತ್ಯ ಹೇಳ್ತೆ, ನನ್ನ ಕೈ ಒಂದ್ ಗಳ್ಗಿ ನಿಂತಿತ್. ಐವತ್ತ್ ದಾಟಿದ ಕೈ, ನಂಬಿಕಿಗಿಂತ ಅಭ್ಯಾಸವೇ ಜಾಸ್ತಿ ಅದಕ್ಕೆ. ಮತ್ತೆ ತಂದ್ ಬೇರೆ ಲೋಟದ ಒಟ್ಟಿಗೇ ಇಟ್ಟೆ. ಮರುದಿನ ಬೆಳಿಗ್ಗೆ ಚಾ ಕುಡಿವತಿಗೆ ಯಾವ್ದ್ ಆ ಲೋಟ ಅಂದೇಳಿ ಗೊತ್ತಾಯ್ಲಿಲ್ಲ.

ಇದ್ರಂಗೆ ನನ್ನ ದೊಡ್ಡಸ್ತಿಕಿ ಎಂತದೂ ಇಲ್ಲ. ತಡ ಆದ ಕೆಲ್ಸ, ಅದೂ ಒಂದ್ ಸಣ್ಣ ಹೆಣ್ಣ್ ಕೇಂಡದ್ದಕ್ಕೆ ಆದದ್. ನಿಮ್ಮತ್ರ ಹೇಳುದ್ ಇಷ್ಟೇ. ಅಜ್ಜನಿಗೆ ಚಕ್ಕುಲಿ ಕೊಡಿ, ನಾನೂ ಕೊಡ್ತೆ. ಕೊಟ್ ಮನಿಗೆ ಬಂದ್ಮೇಲೆ ಅಡಿಗಿ ಕೋಣಿ ಕಪಾಟ್ ಒಂದ್ಸಲ ತೆಗ್ದ್ ಕಾಣಿ. ಪೇಪರ್ ಲೋಟದ ಕಟ್ಟ್ ಇದ್ರೆ, ಅದ್ ಯಾರ್ ಬಂದಾಗ ಹೊರ್ಗೆ ಬತ್ತ್, ಯಾರ್ ಬಂದಾಗ ಒಳ್ಗೇ ಇರ್ತ್ ಅಂದೇಳಿ ನಿಮ್ಮನ್ನ ನೀವೇ ಕೇಣಿ.