ವಿದ್ಯಾರ್ಥಿಗಳ ಅಣುವಿನ್ಯಾಸ ಸ್ಪರ್ಧೆ: ಬಹುಮಾನ ಯಾವುದಕ್ಕೆ?

ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ವರ್ಷವರ್ಷವೂ ನಡೆಯುವ ಒಂದು ಸಣ್ಣ ನಾಟಕವುಂಟು. ವಿದ್ಯಾರ್ಥಿಯು ಸರಳ ಲೋಲಕವನ್ನು ತೂಗಬಿಟ್ಟು, ಆಂದೋಲನಗಳನ್ನು ಎಣಿಸಿ, ಗುರುತ್ವ ವೇಗೋತ್ಕರ್ಷವನ್ನು ಲೆಕ್ಕಹಾಕುತ್ತಾನೆ. ಸೆಕೆಂಡಿನ ವರ್ಗಕ್ಕೆ 968 ಸೆಂಟಿಮೀಟರ್ ಎಂದು ಉತ್ತರ ಬರುತ್ತದೆ. ಪುಸ್ತಕದಲ್ಲಿರುವುದು 981. ಅವನು ಅತ್ತಿತ್ತ ನೋಡಿ, ರಬ್ಬರನ್ನು ಕೈಗೆತ್ತಿಕೊಂಡು, ಕಾಲದ ಅಂಕಿಗಳನ್ನು ತುಸು ತಿದ್ದಿ, 981 ಬರುವಂತೆ ಮಾಡಿ ಪೂರ್ಣ ಅಂಕ ಪಡೆಯುತ್ತಾನೆ. ನಿಜ ಹೇಳಬೇಕೆಂದರೆ, ಆ ಅಂಕಗಳನ್ನು ಕೊಡುವವರೂ ನಾವೇ.

ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳಲ್ಲಿ ಈ ಕೇಡು ಸುಲಭವಾಗಿ ತೊಲಗುವಂಥದಲ್ಲ. ಹಾಗಾದರೆ ಯಾರಿಗೂ ಉತ್ತರ ಗೊತ್ತಿಲ್ಲದ ಕೆಲಸವೊಂದನ್ನು ವಿದ್ಯಾರ್ಥಿಗಳ ಕೈಗೆ ಒಪ್ಪಿಸಿದರೆ ಏನಾದೀತು? ಇದನ್ನು ಮಾಡಿ ನೋಡಿದವರು ಇದ್ದಾರೆ. 2011ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೀಸ್ ಸಂಸ್ಥೆಯಲ್ಲಿದ್ದ ಶಾನ್ ಡಗ್ಲಸ್ ಎಂಬ ತರುಣ ವಿಜ್ಞಾನಿ ‘ಬಯೋಮಾಡ್’ ಎಂಬ ಸ್ಪರ್ಧೆಯನ್ನು ಆರಂಭಿಸಿದರು. ಅದು ಪದವಿ ತರಗತಿಗಳ ವಿದ್ಯಾರ್ಥಿಗಳಿಗಾಗಿಯೇ ಏರ್ಪಟ್ಟ ಜೈವಿಕ ಅಣುವಿನ್ಯಾಸ ಸ್ಪರ್ಧೆ. ತಂಡಗಳು ಬೇಸಿಗೆಯ ರಜೆಯಲ್ಲಿ ದುಡಿದು, ತಾವು ಮಾಡಿದ್ದನ್ನು ಎಲ್ಲರೂ ಓದುವಂತೆ ಪ್ರಕಟಿಸಿ, ಕೊನೆಗೆ ಒಂದೆಡೆ ಸೇರಿ ತೀರ್ಪುಗಾರರ ಮುಂದೆ ವಿವರಿಸಬೇಕು. ಜಪಾನು, ಜರ್ಮನಿ, ಡೆನ್ಮಾರ್ಕುಗಳ ವಿದ್ಯಾರ್ಥಿಗಳೂ ಇದರಲ್ಲಿ ಸ್ಪರ್ಧಿಸಿದ್ದಾರೆ.

ಅಣುವನ್ನು ವಿನ್ಯಾಸಗೊಳಿಸುವುದೆಂದರೇನು? ಡಿ.ಎನ್.ಎ. ಎಂದೊಡನೆ ನಮಗೆ ಆನುವಂಶಿಕತೆಯ ನೆನಪಾಗುವುದು ಸಹಜ. ಇಲ್ಲಿಯಾದರೋ ಅದು ಕೇವಲ ಕಟ್ಟಡದ ಸಾಮಗ್ರಿ. ಅದರ ಜೋಡಿಸುರುಳಿಯ ದಪ್ಪ ಸುಮಾರು 2 ನ್ಯಾನೋಮೀಟರ್. ಅಂದರೆ ಒಂದು ಮಿಲಿಮೀಟರಿನ ಐದು ಲಕ್ಷದಲ್ಲಿ ಒಂದು ಪಾಲು. ಒಂದು ಪ್ರತ್ಯಾಮ್ಲ ಜೋಡಿಯಿಂದ ಇನ್ನೊಂದಕ್ಕೆ 0.34 ನ್ಯಾನೋಮೀಟರ್ ಅಂತರ. ಹತ್ತೂವರೆ ಜೋಡಿಗಳಿಗೆ ಸುರುಳಿ ಒಂದು ಸುತ್ತು ತಿರುಗುತ್ತದೆ. ‘ಎ’ ಎಂಬುದು ‘ಟಿ’ಯೊಡನೆ, ‘ಜಿ’ ಎಂಬುದು ‘ಸಿ’ಯೊಡನೆ ಮಾತ್ರ ಕೂಡುತ್ತದೆ. ಇಷ್ಟು ಖಚಿತವಾದ ಅಳತೆಗಳೂ ಇಷ್ಟು ಕಟ್ಟುನಿಟ್ಟಾದ ನಿಯಮವೂ ಇರುವ ವಸ್ತುವಿನಿಂದ ಬೇಕಾದ ಆಕೃತಿಗಳನ್ನೇಕೆ ಕಟ್ಟಬಾರದೆಂದು ನೇಡ್ರಿಯನ್ ಸೀಮನ್ ಎಂಬವರು 1982ರಲ್ಲಿಯೇ ಸೂಚಿಸಿದ್ದರು. 2006ರಲ್ಲಿ ಪಾಲ್ ರಾಥಮಂಡ್ ಎಂಬವರು ಅದಕ್ಕೊಂದು ಸುಲಭೋಪಾಯವನ್ನು ತೋರಿಸಿಕೊಟ್ಟರು. ಅವರು ಒಂದು ವೈರಸ್ಸಿನಿಂದ ಪಡೆದ, ಏಳು ಸಾವಿರಕ್ಕೂ ಮಿಕ್ಕ ಅಕ್ಷರಗಳುಳ್ಳ ಒಂಟಿ ಎಳೆಯನ್ನು ತೆಗೆದುಕೊಂಡರು. ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಊಟದೆಲೆ ಹಚ್ಚುವಂತೆ, ಆ ಎಳೆಯ ಮಡಿಕೆಗಳನ್ನು ಇನ್ನೂರಕ್ಕೂ ಹೆಚ್ಚು ಕಿರು ಎಳೆಗಳಿಂದ ಹಿಡಿದು ನಿಲ್ಲಿಸಿದರು. ಎಲ್ಲವನ್ನೂ ನೀರಿನಲ್ಲಿ ಬೆರೆಸಿ, ಕಾಯಿಸಿ, ಮೆಲ್ಲನೆ ಆರಿಸಿದಾಗ ನಗುಮುಖವೊಂದು ತಾನಾಗಿಯೇ ಕೂಡಿಕೊಂಡಿತು. ಅದರ ಅಗಲ ಸುಮಾರು 100 ನ್ಯಾನೋಮೀಟರ್.

ಇಂಥದೊಂದು ಸ್ಪರ್ಧೆಯನ್ನು ನಮ್ಮ ಕಾಲೇಜುಗಳೂ ಕೂಡಿ ನಡೆಸಬಹುದೆಂದು ನಾವು ನಂಬುತ್ತೇವೆ. ಆದರೆ ಅದನ್ನು ಏರ್ಪಡಿಸುವವರು ಮೂರು ಸಂಗತಿಗಳನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಮೊದಲನೆಯದು ವೆಚ್ಚ. ಸ್ಪರ್ಧೆಯು ಎರಡು ಹಂತಗಳಲ್ಲಿ ನಡೆಯಲಿ. ಮೊದಲ ಹಂತಕ್ಕೆ ಪ್ರಯೋಗಶಾಲೆಯೇ ಬೇಡ. ಕಾಗದ, ದಾರ, ಒಂದು ಸಾಮಾನ್ಯ ಕಂಪ್ಯೂಟರು ಸಾಕು. ಎಳೆಗಳನ್ನು ಎಲ್ಲೆಲ್ಲಿ ಮಡಿಸಬೇಕೆಂದು ಚಿತ್ರಿಸಲು ನೆರವಾಗುವ ‘ಕ್ಯಾಡ್‌ನ್ಯಾನೋ’ ಎಂಬ ತಂತ್ರಾಂಶವನ್ನು ಡಗ್ಲಸ್ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದರು, ಅದು ಉಚಿತವಾದುದು. ಹೀಗಾದಲ್ಲಿ ತಾಲ್ಲೂಕು ಕಾಲೇಜಿನ ವಿದ್ಯಾರ್ಥಿಯೂ ನಗರದವನಿಗೆ ಸರಿಸಮನಾಗಿ ನಿಲ್ಲಬಲ್ಲನು. ಆಯ್ದ ಕೆಲವು ವಿನ್ಯಾಸಗಳನ್ನು ಮಾತ್ರ ಎರಡನೆಯ ಹಂತದಲ್ಲಿ, ತಕ್ಕ ಉಪಕರಣಗಳೂ ಮೇಲ್ವಿಚಾರಕರೂ ಇರುವ ಸಂಸ್ಥೆಯೊಂದರಲ್ಲಿ ತಯಾರಿಸಿ ನೋಡಬೇಕು.

ಎರಡನೆಯದು ತಂಡದ ರಚನೆ. ಒಂದೇ ವಿಷಯದ ವಿದ್ಯಾರ್ಥಿಗಳಿಂದ ಈ ಕೆಲಸ ಸಾಗದು. ಡಿ.ಎನ್.ಎ.ಯ ಎಳೆಗಳು ಋಣ ವಿದ್ಯುದಂಶವನ್ನು ಹೊತ್ತಿರುವುದರಿಂದ ಒತ್ತಾಗಿ ಜೋಡಿಸಿದ ಸುರುಳಿಗಳು ಒಂದನ್ನೊಂದು ವಿಕರ್ಷಿಸುತ್ತವೆ. ದ್ರಾವಣಕ್ಕೆ ಮೆಗ್ನೀಸಿಯಂ ಲವಣವನ್ನು ಸೇರಿಸಿದರೆ ಅದರ ಧನ ಅಯಾನುಗಳು ನಡುವೆ ನಿಂತು ಆ ವಿಕರ್ಷಣೆಯನ್ನು ತಗ್ಗಿಸುತ್ತವೆ. ಇದನ್ನು ಮರೆತ ತಂಡದ ವಿನ್ಯಾಸ ಕಾಗದದ ಮೇಲೆ ಎಷ್ಟೇ ಅಂದವಾಗಿದ್ದರೂ ನೀರಿನಲ್ಲಿ ಕೂಡಿಕೊಳ್ಳುವುದಿಲ್ಲ. ಭೌತವಿಜ್ಞಾನದ ವಿದ್ಯಾರ್ಥಿಗೆ ಕೂಲಂಬನ ನಿಯಮ ಇಲ್ಲಿ ಎದುರಾಗುತ್ತದೆ. ರಸಾಯನದವನಿಗೆ ಲವಣ, ಗಣಿತದವಳಿಗೆ ಮಡಿಕೆಗಳ ಲೆಕ್ಕ.

ಮೂರನೆಯದು ತೀರ್ಪು, ಎಲ್ಲಕ್ಕಿಂತ ಮುಖ್ಯವಾದುದೂ ಇದೇ. ನಾವು ಹಿಂದೊಮ್ಮೆ ವಿಜ್ಞಾನ ಪ್ರದರ್ಶನವೊಂದರಲ್ಲಿ ತೀರ್ಪುಗಾರರಾಗಿದ್ದೆವು. ದೀಪಗಳು ಮಿನುಗುತ್ತಿದ್ದ, ಅಂಗಡಿಯಿಂದ ಕೊಂಡು ತಂದ ಮಾದರಿಗೆ ಪ್ರಥಮ ಬಹುಮಾನ ಹೋಯಿತು. ಮೂಲೆಯಲ್ಲಿ ಒಬ್ಬ ಹುಡುಗಿ ತನ್ನ ಸೌರ ಒಲೆ ಏಕೆ ಸಾಕಷ್ಟು ಬಿಸಿಯಾಗಲಿಲ್ಲವೆಂಬುದನ್ನು ಗಂಟೆಗಂಟೆಯ ಉಷ್ಣತೆಯೊಡನೆ ಬರೆದಿಟ್ಟುಕೊಂಡು ನಿಂತಿದ್ದಳು. ಅವಳತ್ತ ಯಾರೂ ಸುಳಿಯಲಿಲ್ಲ. ನಾವೂ ಎರಡು ಮಾತು ಹೊಗಳಿ ಮುಂದೆ ಹೋದೆವು. ಆ ದಿನದ ತಪ್ಪು ಇಂದಿಗೂ ನಮ್ಮನ್ನು ಕಾಡುತ್ತಿದೆ.

ಆದುದರಿಂದ ನಮ್ಮ ಸಲಹೆಯಿದು. ಪ್ರಯೋಗಕ್ಕೆ ಮುಂಚೆಯೇ ತಂಡವು ತನ್ನ ನಿರೀಕ್ಷೆಯನ್ನು ಬರೆದು ಸಂಘಟಕರಿಗೆ ಒಪ್ಪಿಸಲಿ. ದಿನಚರಿಯನ್ನು ಶಾಯಿಯಲ್ಲಿಯೇ ಬರೆಯಲಿ. ತಪ್ಪಿದ್ದನ್ನು ಒಂದು ಗೆರೆ ಎಳೆದು ಹೊಡೆಯಲಿ, ಅಳಿಸದಿರಲಿ. ಒಟ್ಟು ಅಂಕಗಳಲ್ಲಿ ಅರ್ಧ, ನಿರೀಕ್ಷೆಗೂ ಫಲಿತಾಂಶಕ್ಕೂ ಇರುವ ಅಂತರವನ್ನು ತಂಡವು ಎಷ್ಟು ಪ್ರಾಮಾಣಿಕವಾಗಿ ಪರೀಕ್ಷಿಸಿತೆಂಬುದಕ್ಕೆ ಮೀಸಲಾಗಲಿ.

‘ಸೋತವನಿಗೆ ಬಹುಮಾನವೇ?’ ಎಂದು ಕೆಲವರು ಕೇಳಿಯಾರು. ಸೋಲಿಗಲ್ಲ, ಸೋಲಿನ ಕಾರಣವನ್ನು ಹುಡುಕಿದ್ದಕ್ಕೆ ಎಂಬುದು ನಮ್ಮ ಉತ್ತರ. ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಭೌತವಿಜ್ಞಾನಿ. ಮದರಾಸಿನಲ್ಲಿದ್ದಾಗ ಅವರೂ ಗೋಪೀನಾಥ ಕರ್ತಾ ಅವರೂ 1954ರಲ್ಲಿ ಕೊಲಾಜನ್ ಪ್ರೋಟೀನಿಗೆ ಮೂರೆಳೆಯ ಮಾದರಿಯೊಂದನ್ನು ಸೂಚಿಸಿ, ಮರುವರ್ಷವೇ ಅದನ್ನು ತಾವೇ ತಿದ್ದಿದರು. ಕೆಲವು ಪರಮಾಣುಗಳು ತೀರ ಹತ್ತಿರ ಬಂದಿವೆಯೆಂದು ಇತರರು ಆಕ್ಷೇಪಿಸಿದಾಗ, ಎಷ್ಟು ಹತ್ತಿರ ಬರಬಹುದು ಎಂಬುದನ್ನೇ ಅವರು ಅಳೆಯಹೊರಟರು. ಆ ಶೋಧನೆಯ ಫಲವೇ 1963ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ, ರಾಮಚಂದ್ರನ್ ನಕ್ಷೆಯೆಂದು ಪ್ರಸಿದ್ಧವಾದ ನಕ್ಷೆ. ಪ್ರೋಟೀನಿನ ರಚನೆಯನ್ನು ಸೂಚಿಸುವವರೆಲ್ಲರೂ ಇಂದಿಗೂ ಆ ನಕ್ಷೆಯಿಂದಲೇ ಅದನ್ನು ಒರೆಹಚ್ಚುತ್ತಾರೆ. ಆಕ್ಷೇಪಣೆಗೆ ಹೆದರಿ ಅವರು ರಬ್ಬರನ್ನು ಕೈಗೆತ್ತಿಕೊಂಡಿದ್ದರೆ ನಮಗೆ ಈ ನಕ್ಷೆ ದೊರೆಯುತ್ತಿರಲಿಲ್ಲ.

ಇನ್ನು ನಮ್ಮ ಲೋಲಕದ ಹುಡುಗನ ವಿಷಯ. ಅವನ 968 ಎಲ್ಲಿಂದ ಬಂತು? ಲೋಲಕದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ, ದಾರವನ್ನು ಮಾತ್ರ ಅಳೆದಿದ್ದನು. ಒಂದು ಮೀಟರಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿತ್ತು. ಅದನ್ನು ಕಂಡುಕೊಂಡು ಸರಿಪಡಿಸಿದ್ದರೆ 978 ಬರುತ್ತಿತ್ತು. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು: ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ ನಿಜವಾಗಿಯೂ ಸುಮಾರು 978. ಪುಸ್ತಕದ 981 ನಮ್ಮೂರಿನದಲ್ಲ, ಭೂಮಧ್ಯರೇಖೆಯಿಂದ ದೂರದ ನಾಡುಗಳದು. ತಿದ್ದಿದ ಉತ್ತರಕ್ಕೆ ನಾವು ಪೂರ್ಣ ಅಂಕ ಕೊಟ್ಟೆವು. ನಿಜವಾದ ಉತ್ತರ ಅವನ ಕೈಯಿಂದ ಒಂದು ಸೆಂಟಿಮೀಟರ್ ದೂರದಲ್ಲಿತ್ತು.